ಮಂಕಿ ಇಳಿಜಾರಿನ ಒದ್ದೆ ಗೆರೆ

ನನ್ನ ಗಂಡನ ಅಕ್ಕ ಕುಮಟಾದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದವರು. ಹೊನ್ನಾವರದಲ್ಲಿ ನಮ್ಮ ಹಿಂದಿನ ಓಣಿಗೆ ಬಂದು ನೆಲೆಸಿದ ಮೇಲೆ ಅವರು ಮೊದಲು ಮಾಡಿದ ಕೆಲಸ ಗೇರಿನ ಸೈಕಲ್ ಕೊಂಡದ್ದು. ಆಮೇಲೆ ನನ್ನಿಂದಲೂ ಒಂದನ್ನು ಕೊಳ್ಳಿಸಿದರು. "ದಿನಾ ಸೂಜಿ ಹಿಡ್ಕಂಡು ಬಗ್ಗಿ ಕುಂತ್ರೆ ಸೊಂಟ ಹಿಡೀತದೆ, ಬಾ" ಎಂದರು. ನಾನು ಪೇಟೆಯಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಆಗ ನನಗೆ ನಲವತ್ತು ದಾಟಿತ್ತು. ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟಿರಲಿಲ್ಲ.

ಭಾನುವಾರ ಬೆಳಗ್ಗೆ ನಾವಿಬ್ಬರೂ ಹೊರಡುವುದು ರೂಢಿಯಾಯಿತು. ಅತ್ತಿಗೆಗೆ ರಸ್ತೆಯ ಶಿಸ್ತು ಮುಖ್ಯ. ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿದೆಯೇ ಎಂದು ಎರಡು ಬೆರಳು ತೂರಿಸಿ ನೋಡದೆ ನನ್ನನ್ನು ಓಣಿ ದಾಟಲು ಬಿಡುತ್ತಿರಲಿಲ್ಲ. ಹೆದ್ದಾರಿ ಅಗಲವಾದ ಮೇಲೆ ನಮ್ಮ ಕಡೆ ಎಲ್ಲರೂ ಆಚೆ ಬದಿಗೆ ದಾಟುವ ತಿರುವು ದೂರ ಎಂದು ಎದುರು ಬದಿಯಲ್ಲೇ ಗಾಡಿ ಓಡಿಸುತ್ತಾರೆ. ಅತ್ತಿಗೆ ಮಾತ್ರ ಎಷ್ಟೇ ಸುತ್ತಾದರೂ ತಿರುವಿನವರೆಗೆ ಹೋಗಿಯೇ ಬರುವವರು. ಕೊರಳಲ್ಲಿ ಶಾಲೆಯ ಕಾಲದ ಸೀಟಿ ಇನ್ನೂ ನೇತಾಡುತ್ತಿತ್ತು. ಯಾರಾದರೂ ಎದುರಿನಿಂದ ತಪ್ಪು ಬದಿಯಲ್ಲಿ ಬಂದರೆ ಅದನ್ನು ಊದುತ್ತಿದ್ದರು. ಹುಡುಗರಷ್ಟೇ ಅಲ್ಲ, ಮೀಸೆ ನರೆತ ಗಂಡಸರೂ ಬೆಚ್ಚಿ ಬದಿಗೆ ಸರಿಯುವುದನ್ನು ನೋಡಿದ್ದೇನೆ. ಅವರಲ್ಲಿ ಕೆಲವರಾದರೂ ಅತ್ತಿಗೆಯ ಹಳೆಯ ವಿದ್ಯಾರ್ಥಿಗಳಿರಬೇಕು.

ನನಗೆ ಮುಖ್ಯ ತಿನ್ನುವುದು. ಎಲ್ಲಿಗೆ ಹೋಗುವುದೆಂದು ಕೇಳಿದರೆ ನಾನು ಊರಿನ ಹೆಸರು ಹೇಳುವುದಿಲ್ಲ, ತಿಂಡಿಯ ಹೆಸರು ಹೇಳುತ್ತೇನೆ. ಬನ್ಸ್ ಎಂದರೆ ಕುಮಟಾ. ಬಳಚು ಎಂದರೆ ಅಘನಾಶಿನಿ. ಅಲ್ಲಿ ನದಿಯ ಕೆಸರಿನಿಂದ ತೆಗೆದ ಚಿಪ್ಪನ್ನು ಕಾಯಿತುರಿ ಹಾಕಿ ಸುಕ್ಕಾ ಮಾಡುವ ಮನೆಯೊಂದು ಅತ್ತಿಗೆಗೆ ಪರಿಚಯ. ಮೀನು ಊಟ ಎಂದರೆ ಮಂಕಿ. ನಾವು ಮೀನಿಲ್ಲದಿದ್ದರೆ ಅನ್ನ ಇಳಿಯದ ಮನೆಯವರು. ಹಾಗಾಗಿ ಹೊಳೆಯ ಸೇತುವೆ ದಾಟಿ ಆಚೆ ದಡದ ಕಾಸರಕೋಡಿನ ಮೇಲೆ ದಕ್ಷಿಣಕ್ಕೆ ಹೋಗುವ ಮಂಕಿಯ ದಾರಿ ನಮ್ಮ ಚಕ್ರಗಳಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಬಿದ್ದದ್ದು ಆ ದಾರಿಯಲ್ಲೇ. ಮಂಕಿಗೆ ಮೊದಲು ಒಂದು ದಿಬ್ಬ ಬರುತ್ತದೆ. ಅದನ್ನು ಏರಿ ಇಳಿಯುವಾಗ ರಸ್ತೆ ಸ್ವಲ್ಪ ಎಡಕ್ಕೆ ಬಾಗುತ್ತದೆ. ಮಳೆಗಾಲ ಮುಗಿದು ತಿಂಗಳುಗಳಾಗಿದ್ದವು. ರಸ್ತೆ ಬಿಳಿಚಿಕೊಂಡು ಒಣಗಿತ್ತು. ಅತ್ತಿಗೆ ಮುಂದಿದ್ದರು. ಇಳಿಜಾರಿನಲ್ಲಿ ನಾನು ಬ್ರೇಕಿನ ಮೇಲೆ ಕೈಯಿಟ್ಟೆ ಅಷ್ಟೇ, ಮುಂದಿನ ಚಕ್ರ ಸೋಪಿನ ಮೇಲೆ ಕಾಲಿಟ್ಟಂತೆ ಜಾರಿತು. ಮೊಣಕೈ, ಮಂಡಿ, ಹೆಲ್ಮೆಟ್ಟು ಒಂದಾದ ಮೇಲೊಂದು ನೆಲಕ್ಕೆ ಬಡಿದ ಸದ್ದು ನನಗೇ ಬೇರೆ ಯಾರದೋ ಸದ್ದಿನಂತೆ ಕೇಳಿಸಿತು.

"ಏಳ್ಬೇಡ. ಕುಂತಲ್ಲೇ ಬದಿಗೆ ಸರಿ" ಎಂದು ಅತ್ತಿಗೆಯ ಧ್ವನಿ ಬಂತು. ನಾನು ಕುಂಡೆಯ ಮೇಲೇ ಜರುಗಿ ಹುಲ್ಲಿನ ಅಂಚಿಗೆ ಹೋದೆ. ಅವರು ತಮ್ಮ ಸೈಕಲ್ಲನ್ನು ಗಿಡಕ್ಕೆ ಒರಗಿಸಿ, ದಿಬ್ಬದ ಮೇಲಕ್ಕೆ ಓಡಿದರು. ನನ್ನ ಕಡೆಗೆ ಬರದೆ ದೂರ ಏಕೆ ಓಡುತ್ತಿದ್ದಾರೆಂದು ಒಂದು ಗಳಿಗೆ ತಿಳಿಯಲಿಲ್ಲ. ದುಪಟ್ಟಾ ಬಿಚ್ಚಿ ಬೀಸುತ್ತ ಸೀಟಿ ಊದತೊಡಗಿದಾಗ ತಿಳಿಯಿತು. ದಿಬ್ಬದ ಆಚೆಯಿಂದ ಬರುವವರಿಗೆ ಇಳಿಜಾರಿನಲ್ಲಿ ಬಿದ್ದಿದ್ದ ನನ್ನ ಸೈಕಲ್ ಕಾಣುವಂತಿರಲಿಲ್ಲ. ಹಿಂದೆಯೇ ಬೈಕೊಂದು ಬಂತು. ಗಂಡ ಓಡಿಸುತ್ತಿದ್ದ, ಹಿಂದೆ ಕೂತ ಹೆಂಡತಿಯ ಮಡಿಲಲ್ಲಿ ಮಗು. ಸೀಟಿಗೆ ಅವನು ನಿಧಾನ ಮಾಡಿದ. ಆದರೂ ನಾನು ಜಾರಿದಲ್ಲೇ ಅವನ ಹಿಂದಿನ ಚಕ್ರ ಒಮ್ಮೆ ಅತ್ತ ಒಮ್ಮೆ ಇತ್ತ ತೂಗಿತು. ಅವನು ಎರಡೂ ಕಾಲು ಊರಿ ನಿಲ್ಲಿಸಿಕೊಂಡ. ಮಗುವಿಗೆ ಎಚ್ಚರವಾಗಲಿಲ್ಲ. ಆ ತಾಯಿ ನನ್ನ ಮುಖ ನೋಡಿದಳು, ನಾನು ಅವಳದು ನೋಡಿದೆ.

ಮೊಣಕೈಯಿಂದ ರಕ್ತ ಬರುತ್ತಿತ್ತು. ನನ್ನ ಕಸುಬಿನಿಂದಾಗಿಯೋ ಏನೋ, ನೋವಿಗಿಂತ ಮೊದಲು ರಕ್ತದ ಬಣ್ಣ ನೋಡುವ ಚಾಳಿ ನನಗೆ. ರಸ್ತೆಯ ಮೇಲೆ ಇನ್ನೊಂದು ಬಣ್ಣವಿತ್ತು. ನಾನು ಬಿದ್ದ ಜಾಗಕ್ಕಿಂತ ಮೇಲಿನಿಂದಲೇ ಕೈಯಗಲದ ಒದ್ದೆ ಗೆರೆಯೊಂದು ಇಳಿದುಬಂದಿತ್ತು, ತೀರ ತಿಳಿಗೆಂಪು. ಅದು ನನ್ನ ರಕ್ತವಲ್ಲ. ಬೆರಳು ಅದ್ದಿ ಮೂಸಿದೆ. ಮೀನು.

ಅಷ್ಟರಲ್ಲಿ ದಿಬ್ಬದ ಉದ್ದಕ್ಕೂ ಇಳಿದಿದ್ದ ತೆಂಗಿನ ತೋಟದಿಂದ ಹೆಂಗಸೊಬ್ಬರು ಬುಟ್ಟಿ ಹೊತ್ತು ಬಂದರು. ಅತ್ತಿಗೆಗಿಂತ ಹಿರಿಯರು. ಬುಟ್ಟಿಯಲ್ಲಿದ್ದ ಹೊಯ್ಗೆಯನ್ನು ಒದ್ದೆಯ ಮೇಲೆ ರಂಗೋಲಿ ಬಿಟ್ಟಷ್ಟು ಸಲೀಸಾಗಿ ಚೆಲ್ಲುತ್ತ, "ಎಂತ ತಂಗಿ, ಪೆಟ್ಟು ಬಾಳ ಆತಾ?" ಎಂದರು.

"ಮರಳು ಸಿದ್ಧ ಇಟ್ಕಂಡಿದ್ರಾ?" ಅತ್ತಿಗೆ ಕೇಳಿದರು.

"ಮೇಲಿನ ಗೇಟಿನ ಬದಿಗೆ ರಾಶಿ ಹಾಕಿಟ್ಟದ್ದು. ಸೀಟಿ ಕೇಳ್ತು, ಯಾರೋ ಬಿದ್ರು ಅಂದ್ಕಂಡೆ. ಎಲ್ಲರೂ ಇಲ್ಲೇ ಬೀಳೂದು."

"ಇಲ್ಲೇ ಅಂದ್ರೆ?"

"ಇಲ್ಲೇ. ಮೇಲೆ ಬೀಳೂದಿಲ್ಲ, ಕೆಳಗೆ ಸಪಾಟು ಇದ್ದಲ್ಲೂ ಬೀಳೂದಿಲ್ಲ. ಜಾಗದ್ದು ಎಂತದೋ ದೋಷ ಅಂತ ಕಾಯಿ ಒಡ್ಸಿದ್ರು. ಅದರ ಮರುದಿನ ಕಾಯಿ ಒಡೆದವನೇ ಬಿದ್ದ."

ಅವರು ಇದನ್ನು ನಗದೆ ಹೇಳಿದರು. ಆಮೇಲೆ ನನ್ನನ್ನು ಮನೆಗೆ ಕರೆದೊಯ್ದು ಗಾಯ ತೊಳೆದು, ಎಳನೀರು ಕೆತ್ತಿಕೊಟ್ಟರು. ಅತ್ತಿಗೆ ಟೀಚರೆಂದು ತಿಳಿದದ್ದೇ ತಡ "ಅಕ್ಕೋರೆ" ಎನ್ನತೊಡಗಿದರು. ಊಟದ ಹೊತ್ತಾಗದೆ ನಮ್ಮನ್ನು ಬಿಡಲಿಲ್ಲ. ಕುಚಲಕ್ಕಿ ಅನ್ನ, ಬಂಗಡೆ ಸಾರು, ಒಣಶೆಟ್ಲಿಯ, ಅಂದರೆ ಒಣಸಿಗಡಿಯ ಚಟ್ನಿ. ಸಾರಿಗೆ ಹಾಕಿದ ಹುಳಿ ಹುಣಸೆಯಲ್ಲ, ಮುರುಗಲದ್ದೂ ಅಲ್ಲ. ಏನೆಂದು ನಾನು ಯೋಚಿಸುತ್ತಿದ್ದಾಗ ಅವರೇ, "ಬಿಂಬಳಕಾಯಿ" ಎಂದರು. ಬಿದ್ದ ನೋವು ಆ ಹೊತ್ತಿಗೆ ಅರ್ಧ ಮರೆತಿತ್ತು.

ಹೊರಡುವಾಗ ನನ್ನ ಗಂಡನಿಗೆಂದು ಸ್ಟೀಲ್ ಡಬ್ಬಿಯಲ್ಲಿ ಸಾರು ತುಂಬಿಸಿಕೊಟ್ಟರು. ಡಬ್ಬಿಯನ್ನು ನಾನು ಹ್ಯಾಂಡಲ್ಲಿನ ಮುಂದಿನ ಬುಟ್ಟಿಯಲ್ಲಿ ಇಟ್ಟೆ. ಮುಚ್ಚಳ ಮುಂದಿನ ಬದಿಗೆ ಸ್ವಲ್ಪ ಸಡಿಲ. ಆದರೂ ಅಂಗಳದಲ್ಲಿ, ತೋಟದ ಕೆಳಗಿನ ಗೇಟಿನವರೆಗೆ, ಮುಂದೆ ಸಪಾಟಿನಲ್ಲಿ ತಿರುವಿಗೆ ಹೋಗಿ ಆಚೆ ಬದಿಯ ರಸ್ತೆ ಹಿಡಿಯುವವರೆಗೆ ಒಂದು ಹನಿಯೂ ಬೀಳಲಿಲ್ಲ. ದಿಬ್ಬ ಏರುವಾಗ ನೋವಿಗೆ ಸೈಕಲ್ ತಳ್ಳಿಕೊಂಡೇ ನಡೆದೆ. ಆಗಲೂ ಇಲ್ಲ. ದಿಬ್ಬದ ಆಚೆ ಹೊನ್ನಾವರದ ಕಡೆಗೆ ಇಳಿಯುವಾಗ ಡಬ್ಬಿಯ ಮುಂದಿನ ಅಂಚಿನಿಂದ ಸಾರು ತೊಟ್ಟಿಕ್ಕತೊಡಗಿತು. ಬುಟ್ಟಿಯ ಸಂದಿಯಿಂದ ಇಳಿದು ಮುಂದಿನ ಚಕ್ರದ ಬದಿಗೆ ಕೆಂಪು ಚುಕ್ಕೆಗಳ ಸಾಲು ಬಿತ್ತು.

ನಾನು ನಿಂತೆ. "ಅತ್ತಿಗೆ, ಸ್ವಲ್ಪ ಬನ್ನಿ ಇಲ್ಲಿ."

ಅವರು ಬಂದು ಚುಕ್ಕೆಗಳನ್ನು ನೋಡಿದರು. ಡಬ್ಬಿಯನ್ನು ಎತ್ತಿ ಸಮವಾಗಿ ಹಿಡಿದರು, ತೊಟ್ಟಿಕ್ಕುವುದು ನಿಂತಿತು. ಮುಂದಕ್ಕೆ ಬಾಗಿಸಿದರು, ಮತ್ತೆ ಸುರಿಯಿತು. ಎರಡು ಸಲ ಹಾಗೆ ಮಾಡಿ, "ಸಾರು ಖಾಲಿ ಆಗ್ತದೆ, ಸಾಕು" ಎಂದು ಮುಚ್ಚಳ ಒತ್ತಿದರು. ಆದರೆ ಇಬ್ಬರಿಗೂ ಅರ್ಥವಾಗಿತ್ತು. ಮೀನಿನ ಗಾಡಿ ಯಾವುದೇ ಆಗಲಿ, ಅದರ ನೀರು ಸಪಾಟು ರಸ್ತೆಯಲ್ಲಿ ಚೆಲ್ಲುವುದಿಲ್ಲ. ಗಾಡಿ ಇಳಿಜಾರಿಗೆ ಮೂತಿ ಬಗ್ಗಿಸಿದಾಗ ಮಾತ್ರ ಚೆಲ್ಲುತ್ತದೆ.

ಗಂಡ ಆ ಸಾರಿನಲ್ಲಿ ಉಂಡು, "ಪೊಲೀಸರಿಗೆ ಒಂದು ಫೋನ್ ಮಾಡಿದ್ರೆ ಆತಿತ್ತು" ಎಂದ. ಅವನು ಹೇಳಿದ್ದು ಸರಿಯೇ. ಆದರೆ ನಮಗೆ ದೂರು ಕೊಡುವ ಮೊದಲು ಅದು ಹೌದೋ ಅಲ್ಲವೋ ನೋಡಬೇಕೆನಿಸಿತು. ನನಗೆ ಇಂಥದ್ದೊಂದು ಹುಳ ತಲೆಗೆ ಹೊಕ್ಕರೆ ನಿದ್ದೆ ಬರುವುದಿಲ್ಲ. ಲ್ಯಾಬಿನಲ್ಲೂ ಹಾಗೆಯೇ, ಅಂಕಿ ಹೊಂದದಿದ್ದರೆ ಎರಡನೇ ಸಲ ನೋಡದೆ ಬಿಡುವವಳಲ್ಲ.

ಮಂಡಿಯ ಗಾಯ ಒಣಗಿದ ಮೇಲೆ ಒಂದು ಭಾನುವಾರ ಬೇಗನೆ ಹೋಗಿ ದಿಬ್ಬದ ನೆತ್ತಿಯಲ್ಲಿ ತೋಟದ ಅಮ್ಮನ ಮೇಲಿನ ಗೇಟಿನ ಬಳಿ ಕುಳಿತೆವು. ಅವರು ಅವಲಕ್ಕಿ, ಬೆಲ್ಲ, ಕಾಯಿತುರಿ ಕಲಸಿ ತಂದರು. ತಾವೂ ಒಂದು ಕಲ್ಲಿನ ಮೇಲೆ ಕುಳಿತರು. ಕಾಸರಕೋಡಿನ ಬಂದರಿನಿಂದ ಬರುವ ಗಾಡಿಗಳು ಒಂದೊಂದಾಗಿ ದಿಬ್ಬ ಏರಿದವು. ಕೆಲವು ಒಣ. ಕೆಲವು ಹನಿಸುತ್ತಿದ್ದವು. ಆಮೇಲೊಂದು ಪಿಕಪ್ ಗಾಡಿ ಬಂತು. ದಿಬ್ಬದ ನೆತ್ತಿಯವರೆಗೆ ಸುಮ್ಮನೆ ಬಂದು, ಆಚೆಗೆ ಬಗ್ಗಿದ್ದೇ ಹೊಟ್ಟೆಯ ಕೆಳಗಿನಿಂದ ಕೊಡ ಬಗ್ಗಿಸಿದಂತೆ ನೀರು ಸುರಿಸುತ್ತ ಇಳಿದುಹೋಯಿತು. ಬಾಗು ದಾಟಿ ಸಪಾಟಿಗೆ ಬಂದಾಗ ನೀರು ನಿಂತಿತು.

"ಹೋಗ್ವಾ" ಎಂದರು ಅತ್ತಿಗೆ.

ತೋಟದ ಅಮ್ಮ ಮರಳಿನ ಬುಟ್ಟಿ ಎತ್ತಿಕೊಂಡರು. ನಾವು ಒದ್ದೆಯನ್ನು ತಪ್ಪಿಸಿ ನಡೆದೇ ಇಳಿದು, ಸೈಕಲ್ ಹತ್ತಿ ಮಂಕಿ ಪೇಟೆಯತ್ತ ತುಳಿದೆವು. ಗಾಡಿ ಹಿಡಿಯಲು ಸೈಕಲ್ಲಿನಿಂದ ಸಾಧ್ಯವಿಲ್ಲ. ಆದರೆ ಬೆಳಗಿನ ಚಹಾಕ್ಕೆ ಆ ಗಾಡಿಗಳು ಎಲ್ಲಿ ನಿಲ್ಲುತ್ತವೆಂದು ನನಗೆ ಗೊತ್ತಿತ್ತು, ಅಲ್ಲಿನ ಗೋಳಿಬಜೆ ನಾನು ಬಹಳ ಸಲ ತಿಂದದ್ದು. ಪಿಕಪ್ಪು ಅಲ್ಲೇ ನಿಂತಿತ್ತು.

ಚಾಲಕ ಮೂವತ್ತೈದರ ಆಸುಪಾಸಿನವನು. ಫೋನಿನಲ್ಲಿ ಮನೆಯವರೊಂದಿಗೆ ಭಟ್ಕಳ ಕಡೆಯ ಮುಸ್ಲಿಮರ ಮನೆಮಾತಾದ ನವಾಯತಿಯಲ್ಲಿ ಮಾತಾಡುತ್ತಿದ್ದ. ಅವನು ಫೋನಿಡುವವರೆಗೆ ನಾವು ಬೆಂಚಿನ ಮೇಲೆ ಕಾದೆವು. ಅತ್ತಿಗೆ ವಿಷಯ ಹೇಳಿದರು.

"ನಮ್ದಲ್ಲ ಅಕ್ಕ" ಎಂದ ಅವನು. "ಐಸ್ ಕರಗಿದ್ದ ನೀರಿಗೆ ನಾನು ಗಾಡಿ ಅಡಿಗೆ ಟ್ಯಾಂಕ್ ಹಾಕ್ಸಿದ್ದೆ. ಕೆಲವ್ರು ಅದೂ ಹಾಕೂದಿಲ್ಲ. ನಳ ಬಂದ್ ಇದೆ. ಬಂದು ನೋಡಿ."

ನೋಡಿದೆವು. ಅವನು ಹೇಳಿದ್ದು ನಿಜ. ಗಾಡಿಯ ಅಡಿಯಲ್ಲಿ ಒಂದು ನೀಲಿ ಟ್ಯಾಂಕು, ಅದರ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಕೆಳಗೆ ನೆಲ ಒಣಗಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಮಾತು ಕೇಳಬೇಕಾಗಿ ಬಂದ ಬೇಸರವಿತ್ತು. ಟ್ಯಾಂಕಿನ ಮೇಲ್ಭಾಗದಲ್ಲಿ ಐಸ್ ನೀರಿನ ಪೈಪು ಇಳಿಯುವ ತೂತು ಪೈಪಿಗಿಂತ ದೊಡ್ಡದಿತ್ತು. ಆ ತೂತು ಇದ್ದದ್ದು ಮುಂದಿನ ಅಂಚಿನಲ್ಲಿ.

ನಾನು ಚಹಾದ ಸಾಸರ್ ತಂದೆ. ಅಂಚಿನವರೆಗೆ ಚಹಾ ಸುರಿದು ಅವನ ಕೈಗೆ ಕೊಟ್ಟೆ. "ಇದು ನಿಮ್ಮ ಟ್ಯಾಂಕ್ ಅಂದ್ಕಳಿ. ದಿಬ್ಬ ಇಳೀರಿ" ಎಂದೆ.

ಅವನು ಸಾಸರನ್ನು ಹಿಡಿದು ನನ್ನನ್ನು ನೋಡಿದ. ಅಂಗಡಿಯಲ್ಲಿದ್ದವರೂ ನೋಡಿದರು. ಮೆಲ್ಲಗೆ ಮುಂದಕ್ಕೆ ಬಾಗಿಸಿದ. ಚಹಾ ಅವನ ಚಪ್ಪಲಿಯ ಮೇಲೆ ಬಿತ್ತು. ಸಮ ಮಾಡಿದ, ನಿಂತಿತು.

"ಹಿಂದೆ ಬೀಳೂದು ನನ್ಗೆ ಹೇಗೆ ಕಾಣ್ಬೇಕು" ಎಂದ, ತನಗೇ ಹೇಳಿಕೊಂಡಂತೆ. ಸಾಸರನ್ನು ಬೆಂಚಿನ ಮೇಲಿಟ್ಟು, "ನನ್ನ ಭಾವ ಶಿರಾಲಿ ಹತ್ರ ಇಂಥದ್ರಲ್ಲೇ ಬಿದ್ದಿದ್ದ. ಕಾಲಿಗೆ ರಾಡ್ ಹಾಕಿದಾರೆ. ಯಾವ್ದೋ ಗಾಡಿಯವನಿಗೆ ಆಗ ಎಲ್ಲರೂ ಸೇರಿ ಬೈದಿದ್ದೆವು" ಎಂದ.

ತೂತಿಗೆ ರಬ್ಬರಿನ ಬಿರಡೆ ಹಾಕಿಸುತ್ತೇನೆಂದು ಅವನೇ ಹೇಳಿದ. ಆದರೆ ಕಷ್ಟ ಅಲ್ಲಿಗೆ ಮುಗಿಯುವಂತಿರಲಿಲ್ಲ. ಬಿಸಿಲೇರಿದ ದಿನ ಐಸ್ ಬೇಗ ಕರಗಿ ಟ್ಯಾಂಕು ಭಟ್ಕಳಕ್ಕೆ ಮೊದಲೇ ತುಂಬುತ್ತದೆ. ಎಲ್ಲಿ ಖಾಲಿ ಮಾಡುವುದು? ಚರಂಡಿಗೆ ಬಿಟ್ಟರೆ ಅಂಗಡಿಯವರು ಬಿಡುವುದಿಲ್ಲ, ಗದ್ದೆಗೆ ಬಿಟ್ಟರೆ ಗದ್ದೆಯವರು. ಹಾಗೆಂದು ಅವನು ಅತ್ತಿಗೆಯನ್ನೇ ಕೇಳಿದ.

ಬರುವಾಗ ಆ ಮಾತನ್ನು ತೋಟದ ಅಮ್ಮನಿಗೆ ಹೇಳಿದೆವು. ಅವರು ತೆಂಗಿನ ಮಡಲು ಸೀಳುತ್ತಿದ್ದವರು ತಲೆಯೆತ್ತದೆ, "ನನ್ನ ತೆಂಗಿಗೆ ಹಾಕ್ಲಿ" ಎಂದರು.

"ಮೀನಿನ ನೀರಾ?"

"ಬುಡಕ್ಕೆ ಉಪ್ಪು ಹಾಕೂದಿಲ್ವಾ ನಾವು? ತಾರ್ಲೆ ಮೀನು ಹೆಚ್ಚು ಬಂದ ವರ್ಷ ಅದನ್ನೇ ಗುಂಡಿಗೆ ಹಾಕ್ತಿದ್ರು ನಮ್ಮ ಅತ್ತೆ. ಗೇಟಿನ ಬದಿಗೆ ಗುಂಡಿ ಮಾಡ್ಸಿದ್ರೆ ಆತು. ದಿಬ್ಬದ ಮೇಲೇ ಸುರ್ದು ಹೋಗ್ಲಿ, ಇಳಿಯೂದ್ರೊಳಗೆ ಖಾಲಿ."

ಒಳಗಿನಿಂದ ಸೊಸೆ ಹೊರಬಂದಳು. "ನಾತ ಯಾರು ತಡ್ಕಳೂದು?" ಎಂದು ಕೇಳಿದಳು. ಅವಳು ಕೇಳಿದ್ದು ನ್ಯಾಯವೇ ಆಗಿತ್ತು. ಅತ್ತೆ ಸೊಸೆ ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಚರ್ಚಿಸಿದರು. ಕೊನೆಗೆ ಗುಂಡಿಯನ್ನು ಮನೆಯಿಂದ ದೂರದ ಮೂಲೆಗೆ ಸರಿಸುವುದು, ಪ್ರತಿ ಸಲ ಮೇಲೆ ಸಿಪ್ಪೆ, ಮಣ್ಣು ಮುಚ್ಚುವುದು ಎಂದಾಯಿತು. ಮಣ್ಣು ಮುಚ್ಚುವ ಕೆಲಸ ಅತ್ತೆಯದೇ ಎಂದು ಸೊಸೆ ಎರಡು ಸಲ ಹೇಳಿದಳು.

ಮುಂದಿನ ವಾರ ಪಿಕಪ್ಪು ದಿಬ್ಬದ ಮೇಲೆ ಗೇಟಿನ ಬದಿಗೆ ಇಂಡಿಕೇಟರ್ ಹಾಕಿ ನಿಂತಿತು. ಅತ್ತಿಗೆಗೆ ಆ ಇಂಡಿಕೇಟರೇ ದೊಡ್ಡ ಸಂತೋಷ. ಚಾಲಕ ಇಳಿದು ನಲ್ಲಿಗೆ ಪೈಪು ಹಚ್ಚಿ ಗುಂಡಿಗೆ ನೀರು ಬಿಟ್ಟ. ತೋಟದ ಅಮ್ಮ ಸೊಂಟದ ಮೇಲೆ ಕೈಯಿಟ್ಟು, ಗದ್ದೆಗೆ ನೀರು ಬಿಡುವುದನ್ನು ನೋಡುವಂತೆ ನೋಡಿದರು. ಅವನು ಬಂದರಿನಲ್ಲಿ ಉಳಿದವರಿಗೂ ಹೇಳಿದ. ಕೆಲವರು ಬಂದರು, ಕೆಲವರು ಪುರುಸೊತ್ತಿಲ್ಲವೆಂದರು. ಎಲ್ಲರಿಗೂ ತಿಳಿಯಲೆಂದು ಅತ್ತಿಗೆ ಹಲಗೆಯೊಂದರ ಮೇಲೆ ದಪ್ಪ ಅಕ್ಷರದಲ್ಲಿ "ಮೀನಿನ ನೀರು ಇಲ್ಲಿ" ಎಂದು ಬರೆದು ಗೇಟಿಗೆ ಕಟ್ಟಿದರು. ಹದಿನೈದು ದಿನದಲ್ಲಿ ಅದನ್ನು ತೆಗೆಯಬೇಕಾಯಿತು. ಕಾರಿನವರು ನಿಲ್ಲಿಸಿ ಬಂಗಡೆ ಇದೆಯೇ, ಅಂಜಲ್ ಇದೆಯೇ ಎಂದು ಕೇಳತೊಡಗಿದ್ದರು. ಒಬ್ಬರಂತೂ ಮೀನಿಲ್ಲ ಎಂದರೆ ನಂಬದೆ ಅಡುಗೆಮನೆಯವರೆಗೆ ಬಂದಿದ್ದರಂತೆ.

ಆ ಇಳಿಜಾರು ಈಗ ಪೂರ್ತಿ ಒಣಗಿದೆ ಎಂದರೆ ಸುಳ್ಳಾಗುತ್ತದೆ. ಹನಿ ಬೀಳಿಸುತ್ತ ಹೋಗುವ ಗಾಡಿಗಳು ಇನ್ನೂ ಇವೆ. ಗೇಟಿನ ಬದಿಯ ಮರಳಿನ ರಾಶಿ ಇನ್ನೂ ಇದೆ. ಆದರೆ ಅದು ಬೇಗ ಕರಗುವುದಿಲ್ಲ ಎಂದು ತೋಟದ ಅಮ್ಮ ಹೇಳುತ್ತಾರೆ. ನನಗೆ ಅಷ್ಟು ಸಾಕು. ನಾನು ಮಾತ್ರ ಅಲ್ಲಿ ಈಗಲೂ ಇಳಿದು, ಸೈಕಲ್ ತಳ್ಳಿಕೊಂಡೇ ನಡೆಯುತ್ತೇನೆ. ನಡೆದರೆ ಕಾಣುವುದು ಜಾಸ್ತಿ: ಮೊನ್ನೆ ಮೋರಿಯ ಕಂಬದ ಮೇಲೆ ಮಿಂಚುಳ್ಳಿಯೊಂದು ಮೀನು ಬಡಿಯುತ್ತಿತ್ತು, ಅದು ತಲೆಯಿಂದ ನುಂಗುವುದೋ ಬಾಲದಿಂದಲೋ ಎಂದು ನೋಡುತ್ತ ನಿಂತವಳನ್ನು ಅತ್ತಿಗೆ ಸೀಟಿ ಊದಿ ಕರೆಯಬೇಕಾಯಿತು. ತಲೆಯಿಂದಲೇ.

ಒಂದು ದಿನ ಗುಂಡಿಗೆ ನೀರು ಬಿಡುತ್ತ ಚಾಲಕ ಕೇಳಿದ, "ನೀವು ತಿನ್ನೂದಕ್ಕೇ ಇಷ್ಟು ದೂರ ಸೈಕಲ್ ತುಳೀತೀರಂತೆ, ಶಾವಿಗೆ ಬಿರಿಯಾನಿ ತಿಂದಿದ್ದೀರಾ?"

ಬಿರಿಯಾನಿಗೆ ಅಕ್ಕಿಯ ಬದಲು ಶಾವಿಗೆ ಹಾಕುತ್ತಾರೆಂದು ಕೇಳಿದ್ದೆ. ತಿಂದಿರಲಿಲ್ಲ. ಅದು ಪಾಯಸದ ಹಾಗೆ ಮೆತ್ತಗಾಗುವುದಿಲ್ಲವೇ ಎಂದು ಕೇಳಿದೆ.

"ಬಂದು ನೋಡಿ. ನಮ್ಮ ಅಮ್ಮ ಮಾಡ್ತಾರೆ" ಎಂದ.

ಅವನ ಮನೆ ಭಟ್ಕಳದ ಹತ್ತಿರ, ಹೆಬಳೆಯ ಕಡೆ. ನಮಗೆ ಅಷ್ಟು ದೂರ ಸೈಕಲ್ಲಿನಲ್ಲಿ ಹೋಗಿ ಅಭ್ಯಾಸವಿರಲಿಲ್ಲ. ಬೆಳಕು ಹರಿಯುವಾಗಲೇ ಹೊರಟು, ನಡುವೆ ಎರಡು ಕಡೆ ಚಹಾಕ್ಕೆ ನಿಂತು, ಬಿಸಿಲು ಏರುವ ಹೊತ್ತಿಗೆ ತಲುಪಿದೆವು. ಅವನ ತಾಯಿ ಬಾಗಿಲಿಗೇ ಬಂದು ನಮ್ಮಿಬ್ಬರ ಹೆಲ್ಮೆಟ್ಟು, ಬೆವರು, ಸೈಕಲ್ಲು ಎಲ್ಲವನ್ನೂ ನೋಡಿ, ಒಳಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿದರು. ಅವರ ಕನ್ನಡ ಕಡಿಮೆ, ನಮಗೆ ನವಾಯತಿ ಬಾರದು. ಆದರೆ ಅತ್ತಿಗೆಗೆ ನವಾಯತಿಗೆ ಹತ್ತಿರದ ಕೊಂಕಣಿ ಬರುತ್ತದೆ, ಅದರಲ್ಲೇ ಅರ್ಧಕ್ಕರ್ಧ ನಡೆಯಿತು.

ದೊಡ್ಡ ತಟ್ಟೆಯಲ್ಲಿ ಬಿರಿಯಾನಿ ಬಂತು. ನಾನು ಅಂದುಕೊಂಡಂತೆ ಅದು ಮೆತ್ತಗಿರಲಿಲ್ಲ. ಶಾವಿಗೆಯ ಒಂದೊಂದು ಎಳೆಯೂ ಬಿಡಿಬಿಡಿ. ಅಡಿಯಲ್ಲಿ ಕೋಳಿಯ ಮಸಾಲೆ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಬಾಯಿಗಿಟ್ಟರೆ ಮೊದಲು ಈರುಳ್ಳಿಯ ಸಿಹಿ, ಆಮೇಲೆ ಎಲ್ಲಿಂದಲೋ ಖಾರ. ಮೆತ್ತಗಾಗದಂತೆ ಏನು ಮಾಡುತ್ತೀರಿ ಎಂದು ಅತ್ತಿಗೆಯಿಂದ ಕೇಳಿಸಿದೆ. ಅವರು ನನ್ನನ್ನು ಅಡುಗೆಮನೆಗೆ ಕರೆದೊಯ್ದು, ಒಂದು ಹಿಡಿ ಹಸಿ ಶಾವಿಗೆ ತೋರಿಸಿ, ಅದನ್ನು ಹಬೆಯಲ್ಲಿಡುವ ಪಾತ್ರೆ ತೋರಿಸಿ, ಕೈಸನ್ನೆಯಲ್ಲೇ ವಿವರಿಸಿದರು. ಹಬೆಗೆ ಎಷ್ಟು ಹೊತ್ತೆಂದು ಕೇಳಿದಾಗ ಮೂಗು ಮುಟ್ಟಿ ತೋರಿಸಿದರು. ಪರಿಮಳ ಬರುವವರೆಗೆ ಎಂದು ನಾನು ಅರ್ಥಮಾಡಿಕೊಂಡೆ. ಮನೆಯಲ್ಲಿ ಆಮೇಲೆ ಎರಡು ಸಲ ಮಾಡಿದೆ, ಎರಡು ಸಲವೂ ಉಪ್ಪಿಟ್ಟಾಯಿತು.

ಊಟದ ಮೇಲೆ ನಾವು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಆ ತಾಯಿ ಅತ್ತಿಗೆಯನ್ನು ಏನೋ ಕೇಳಿದರು. ಅತ್ತಿಗೆ ನಕ್ಕು ನನಗೆ ಹೇಳಿದರು, "ಈ ಗೇರು ಅನ್ನೂದು ಎಂತಕ್ಕೆ ಅಂತ ಕೇಳ್ತಾರೆ."

ಅತ್ತಿಗೆ ಅಂಗಳಕ್ಕೆ ಇಳಿದು, ಸೈಕಲ್ಲಿನ ಹಿಂದಿನ ಚಕ್ರವನ್ನು ಮೇಲಕ್ಕೆತ್ತಿ ಹಿಡಿದರು. ಆ ತಾಯಿ ಬಗ್ಗಿ ಒಂದು ಕೈಯಿಂದ ಪೆಡಲ್ ತಿರುಗಿಸಿದರು, ನಾನು ಗೇರು ಬದಲಿಸಿದೆ. ಸರಪಳಿ ಒಂದು ಹಲ್ಲಿನ ಗಾಲಿಯಿಂದ ಪಕ್ಕದ್ದಕ್ಕೆ ಟಕ್ಕನೆ ಹಾರಿತು. ಪೆಡಲ್ ಹಗುರಾದದ್ದು ಕೈಗೆ ತಿಳಿದು ಅವರು ನಿಲ್ಲಿಸಿದರು. ಒಂದು ಕ್ಷಣ ನೋಡಿ ಮತ್ತೆ ತಿರುಗಿಸಿದರು. ಮಗ ಬಾಗಿಲಲ್ಲಿ ನಿಂತು ಏನೋ ತಮಾಷೆ ಮಾಡಿದ. ಅವರು ಅವನ ಕಡೆ ನೋಡದೆ, ಮತ್ತೊಮ್ಮೆ ಬದಲಿಸು ಎಂದು ನನಗೆ ಕೈಸನ್ನೆ ಮಾಡಿದರು.